ಊಟದ ಫೋಲ್ಡರು

ಬಸವಕಲ್ಯಾಣದ ಕೋಟೆ ರಸ್ತೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಬಸವಕಿರಣನಿಗೆ ತನ್ನ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ತಾನು ಜಾತಿಗೀತಿ ನೋಡುವವನಲ್ಲ ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಕೌಂಟರಿನ ಹಿಂದೆ ಬಸವಣ್ಣನ ಪಟ, ಅದರ ಪಕ್ಕದಲ್ಲೇ ಅಂಬೇಡ್ಕರರ ಪಟ. ಏಪ್ರಿಲ್ ಬಂತೆಂದರೆ ಅಂಬೇಡ್ಕರ್ ಜಯಂತಿಯ ಬ್ಯಾನರುಗಳನ್ನು ಪುಕ್ಕಟೆ ಡಿಸೈನ್ ಮಾಡಿಕೊಡುತ್ತಿದ್ದ. ತನ್ನ ಜೀವದ ಗೆಳೆಯ ಅಜೀತ ಬೌದ್ಧರಾದ ದಲಿತರ ಮನೆಯವನು ಎಂಬುದನ್ನೂ ಆಗಾಗ, ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ, ಜನರಿಗೆ ನೆನಪಿಸುತ್ತಿದ್ದ. ಇಂಥ ಮನುಷ್ಯನಿಗೆ ಒಂದು ದಿನ ಮಟಮಟ ಮಧ್ಯಾಹ್ನ, ತನ್ನದೇ ಅಂಗಡಿಯಲ್ಲಿ, ತನ್ನದೇ ಕಂಪ್ಯೂಟರಿನ ಮುಂದೆ, ಮುಖ ಎಲ್ಲಿಡಬೇಕೆಂದು ತಿಳಿಯದೆ ಹೋಯಿತು.

ಆವತ್ತು ಅವನ ಡಿಸ್ಕು ತುಂಬಿಹೋಗಿತ್ತು. ಮರುದಿನ ನಾರಾಯಣಪುರದಲ್ಲಿ ದೊಡ್ಡ ಮನೆತನದ ಮದುವೆ. ಎರಡು ಕ್ಯಾಮೆರಾ, ಒಂದು ಡ್ರೋನು. ತೆಗೆದದ್ದನ್ನು ತಂದು ಸುರಿಯಲು ಜಾಗವಿಲ್ಲ. ಹಳೆಯದನ್ನು ಅಳಿಸಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಅಳಿಸುವಂತಿರಲಿಲ್ಲ. ‘ನಾ ಬರೋ ತನಕ ಆ ಡಿಸ್ಕಿನಾಗಿಂದ ಏನೂ ತೆಗೀಬ್ಯಾಡ’ ಎಂದು ಅಜೀತ ತಾಕೀತು ಮಾಡಿದ್ದ. ಅವನು ಹಾಗೆ ಹೇಳಲು ಕಾರಣ ಕಿರಣ ಹೇಳಿದ ಒಂದು ಸುಳ್ಳು.

ಅಜೀತ ಹುಮನಾಬಾದಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಾನೆ. ಇಬ್ಬರೂ ಓದುವಾಗ ಒಂದೇ ಬೆಂಚಿನವರು. ಎರಡು ವರ್ಷದ ಹಿಂದೆ ಅಜೀತನ ತಂಗಿ ಮನೀಷಾಳ ಮದುವೆಯಾದಾಗ ವಿಡಿಯೋ ತೆಗೆದವನು ಕಿರಣನೇ. ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ, ನನ್ನ ತಂಗಿಯ ಮದುವೆಗೆ ನಾನು ದುಡ್ಡು ತಗೊಳ್ಳುತ್ತೇನೆಯೇ ಎಂದ. ಊಟದ ಭಾಗವನ್ನು ಆಮೇಲೆ ಸೇರಿಸಿಕೊಡುತ್ತೇನೆ ಎಂದು ಅಕ್ಷತೆಯವರೆಗಿನ ವಿಡಿಯೋವನ್ನಷ್ಟೇ ಕೊಟ್ಟಿದ್ದ, ಪುಕ್ಕಟೆ ಮಾಡಿಕೊಟ್ಟವನನ್ನು ಯಾರೂ ಕೆದಕಲಿಲ್ಲ. ಈಗ ಆ ಮನೆಯ ಹಿರಿಜೀವ, ಅಜೀತನ ಅಜ್ಜಿ ಕಮಳಾಬಾಯಿ ತೀರಿಕೊಂಡಿದ್ದಳು. ಗೋಡೆಗೆ ಹಾಕಲು ಆಧಾರ್ ಕಾರ್ಡಿನ ಗಾಬರಿಬಿದ್ದ ಮುಖ ಬಿಟ್ಟರೆ ಅವಳ ಒಂದು ಒಳ್ಳೆಯ ಫೋಟೋ ಇರಲಿಲ್ಲ. ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಂಡು ಓಡುವ ಹೆಂಗಸು ಅವಳು. ಮೊಮ್ಮಗಳ ಮದುವೆಯಲ್ಲಿ ಸ್ಟೇಜನ್ನೇ ಹತ್ತದೆ, ಇಡೀ ದಿನ ಅಡುಗೆಯ ಕಡೆಯೇ ಇದ್ದು, ಊಟದ ಹೊತ್ತಿಗೆ ಸೀರೆ ಎತ್ತಿ ಕಟ್ಟಿ ತಾನೇ ಹುಗ್ಗಿ ಬಡಿಸಿದ್ದಳು. ಎಲ್ಲರನ್ನೂ ನಗಿಸುತ್ತ, ತಾನೂ ನಗುತ್ತ. ನಿರ್ಣಾದಲ್ಲಿ ಗಂಡನ ಮನೆಯಲ್ಲಿರುವ ಮನೀಷಾಳಿಗೆ ಅದು ನೆನಪಾಗಿ, ‘ಊಟದ ವಿಡಿಯೋದಾಗ ಆಯಿ ಇದ್ದೇ ಇರ್ತಾಳ, ಅದ್ರಾಗಿಂದ ಒಂದು ಫೋಟೋ ತೆಗಿಸ್ಕೊಡು ಅಣ್ಣಾ’ ಎಂದು ಅಜೀತನ ಬೆನ್ನು ಹತ್ತಿದಳು. ಅಜೀತ ಕಿರಣನನ್ನು ಕೇಳಿದ. ಕಿರಣ, ‘ಆ ಕ್ಲಿಪ್ಪಷ್ಟ ಕರಪ್ಟ್ ಆಗ್ಯಾವ ನೋಡು’ ಎಂದುಬಿಟ್ಟ.

ಕರಪ್ಟ್ ಆಗಲು ಕ್ಲಿಪ್ಪುಗಳೇ ಇರಲಿಲ್ಲ. ಅವನು ಆ ಊಟವನ್ನು ತೆಗೆದೇ ಇರಲಿಲ್ಲ.

ನಮ್ಮ ಕಡೆ ಮದುವೆಯ ವಿಡಿಯೋದಲ್ಲಿ ಜನ ಮತ್ತೆ ಮತ್ತೆ ಹಾಕಿಸಿ ನೋಡುವುದು ಅಕ್ಷತೆಯನ್ನಲ್ಲ, ಊಟದ ಪಂಗತಿಯನ್ನು. ಯಾರು ಬಂದಿದ್ದರು, ಯಾರು ಯಾರ ಪಕ್ಕ ಕೂತಿದ್ದರು, ಯಾವ ಕಾಕಾ ಎಷ್ಟು ಸಲ ಹುಗ್ಗಿ ಹಾಕಿಸಿಕೊಂಡ ಎಂಬುದೆಲ್ಲ ಅದರಲ್ಲಿರುತ್ತದೆ. ಕೊನೆಯ ಪಂಗತಿ ಎದ್ದ ಮೇಲೆ ಮನೆಯ ಹಿರಿಯರೊಬ್ಬರು ಬಂದು ಕ್ಯಾಮೆರಾದವನ ಕೈಹಿಡಿದು ಊಟಕ್ಕೆ ಕೂಡಿಸುತ್ತಾರೆ. ಅವನಿಗೆ ಕೊಡುವ ಹಣ ಬೇರೆ, ಊಟ ಬೇರೆ. ಅವನು ಉಣ್ಣದೆ ಹೋದರೆ ಮನೆಗೆ ಅವಮಾನ. ಅಂದಮೇಲೆ ಊಟ ತಪ್ಪಿಸಿಕೊಳ್ಳಬೇಕೆನ್ನುವ ಕ್ಯಾಮೆರಾದವನಿಗೆ ಒಂದೇ ದಾರಿ. ಮೊದಲ ಪಂಗತಿಗೆ ಮುಂಚೆಯೇ ಬ್ಯಾಟರಿ ಮುಗಿಯಿತು ಅನ್ನಬೇಕು, ಗಾಡಿ ಏರಬೇಕು. ಮನೀಷಾಳ ಮದುವೆಯಲ್ಲಿ, ಅಜೀತ ಬೀಗರ ಗದ್ದಲದಲ್ಲಿದ್ದಾಗ, ಕಿರಣ ಮಾಡಿದ್ದು ಅದನ್ನೇ.

ಯಾಕೆ ಎಂದು ಕೇಳಿದರೆ ಅವನಲ್ಲಿ ನೆಟ್ಟಗೆ ಉತ್ತರವಿರಲಿಲ್ಲ. ಮೊದಮೊದಲು ತಾಯಿಯ ಅಂಜಿಕೆ. ಅವನ ತಾಯಿ ಶಕುಂತಲಾಬಾಯಿ ದಿನಾ ಲಿಂಗಪೂಜೆ ಮಾಡುವವಳು, ಪ್ರವಚನ ತಪ್ಪಿಸದವಳು. ಮಗ ಯಾವ ಮದುವೆಯಿಂದ ಬಂದರೂ ಅವಳ ಮೊದಲ ಪ್ರಶ್ನೆ ‘ಎಲ್ಲಿ ಉಂಡಿ?’ ಇನ್ನು ಅವನ ತಂದೆ ವೈಜನಾಥ, ಸಮಾನತೆಯ ಬಗ್ಗೆ ಮೈಕು ಹಿಡಿದರೆ ಬಿಡದ ಕಿರಾಣಿ ವ್ಯಾಪಾರಿ, ಆ ಪ್ರಶ್ನೆಯ ಹೊತ್ತಿಗೆ ಸರಿಯಾಗಿ ಪೇಪರಿನಲ್ಲಿ ಮುಖ ಹುದುಗಿಸುತ್ತಿದ್ದ. ಬರಬರುತ್ತ ತಾಯಿ ಕೇಳದಿದ್ದರೂ ಕಿರಣನಿಗೆ ಆ ಕಡೆಯ ಊಟ ಎಂದರೆ ಕೈಕಾಲು ತಾವಾಗಿಯೇ ಗಾಡಿಯ ಕಡೆ ತಿರುಗುತ್ತಿದ್ದವು. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ, ಇದು ಯಾರಿಗೂ ಕಂಡಿಲ್ಲ ಎಂದುಕೊಂಡಿದ್ದ. ತನಗೇ ಕಂಡಿರಲಿಲ್ಲ ಎನ್ನುವುದು ಇನ್ನೂ ನಿಜ.

ಅಜೀತ ಸುಳ್ಳನ್ನು ನಂಬಿದ. ನಂಬಿದ್ದಷ್ಟೇ ಅಲ್ಲ, ಅಜ್ಜಿಯನ್ನು ಹೇಗಾದರೂ ಹೊರಗೆ ತೆಗೆಯುತ್ತೇನೆ ಎಂದು ಪಣತೊಟ್ಟ. ಕೆಟ್ಟ ಫೈಲುಗಳನ್ನು ಎತ್ತುವ ಸಾಫ್ಟ್‌ವೇರುಗಳನ್ನು ಹುಡುಕಿದ, ರಾತ್ರಿಗಟ್ಟಲೆ ಓದಿದ. ಕಿರಣ ಇಂದು ಬೇಡ, ನಾಳೆ ಬೇಡ ಎಂದು ತಿಂಗಳುಗಟ್ಟಲೆ ದೂಡಿದ. ಈಗ ಡಿಸ್ಕು ತುಂಬಿ ನಾರಾಯಣಪುರದ ಮದುವೆ ತಲೆಮೇಲೆ ಬಂದಾಗ ಕರೆಯದೆ ಗತಿಯಿರಲಿಲ್ಲ. ಆ ಡಿಸ್ಕಿದ್ದ ಯಂತ್ರವನ್ನು ಕಟ್ಟಿಕೊಟ್ಟವನೇ ಅಜೀತ. ಹಳೆಯ ಪಿಸಿಗೆ ಲಿನಕ್ಸ್ ಹಾಕಿ ಮೂಲೆಯಲ್ಲಿಟ್ಟಿದ್ದ. ಮೌಸಿಲ್ಲ, ಚಿತ್ರವಿಲ್ಲ, ಕರಿ ಪರದೆಯ ಮೇಲೆ ಕಮಾಂಡು ಬರೆದೇ ಮಾತಾಡಿಸಬೇಕು.

ಅಜೀತ ಅರ್ಧ ದಿನ ರಜೆ ಹಾಕಿ ಬಂದ. ಬಂದವನೇ ಅಂಗಿಯ ತೋಳು ಮಡಚಿ ಕೀಬೋರ್ಡಿಗೆ ಕೂತ.

“ಮೊದ್ಲ ಜಾಗಾ ಖಾಲಿ ಮಾಡಿಬಿಡು ಅಜ್ಯಾ. ನಾಳೆ ಮದಿವಿ ಅದ. ಅದು ಆಮ್ಯಾಲ ನೋಡಿದ್ರಾತು,” ಎಂದ ಕಿರಣ.

“ಜಾಗಾ ಯಾವ್ದು ತಿನ್ನಾಕತ್ತದ ಅಂತ ಗೊತ್ತಾಗ್ದೆ ಹ್ಯಾಂಗ ಖಾಲಿ ಮಾಡ್ಲೋ? ತಡಿ ಜರಾ.”

ಅಜೀತ ಎನ್‌ಸಿಡಿಯು ಎಂದು ಟೈಪಿಸಿ ಎಂಟರ್ ಒತ್ತಿದ. ಇಡೀ ಡಿಸ್ಕನ್ನು ಫೋಲ್ಡರು ಫೋಲ್ಡರಾಗಿ ತೂಗಿ ನೋಡುವ ಸಣ್ಣ ಪ್ರೋಗ್ರಾಮು ಅದು. ಎಲ್ಲಕ್ಕಿಂತ ಹೆಚ್ಚು ಜಾಗ ತಿಂದದ್ದನ್ನು ಮೇಲೆ, ಕಡಿಮೆ ತಿಂದದ್ದನ್ನು ಕೆಳಗೆ ಸಾಲಾಗಿ ತೋರಿಸುತ್ತದೆ. ಪ್ರತಿ ಹೆಸರಿನ ಎದುರು ಒಂದು ಪಟ್ಟಿ, ಹೆಚ್ಚು ಜಾಗವಿದ್ದರೆ ಉದ್ದ, ಕಡಿಮೆಯಿದ್ದರೆ ಗಿಡ್ಡ. ಅದು ಲೆಕ್ಕ ಹಾಕುತ್ತಿರುವಾಗ ಕಿರಣ ಚಹಾ ತರಿಸಲೇ ಎಂದ. ಅಜೀತ ಬೇಡವೆಂದ.

ಮೇಲೆ ಊರಿನ ದೊಡ್ಡ ದೊಡ್ಡ ಮನೆತನಗಳು ಬಂದವು. ಮನೀಷಾಳ ಮದುವೆ ಬಹಳ ಕೆಳಗಿತ್ತು. ಅಜೀತ ಬಾಣದ ಗುರುತಿನ ಕೀ ಒತ್ತುತ್ತ ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿದು, ಅದನ್ನು ಹಿಡಿದು ಒಳಗೆ ಹೋದ. ಒಳಗೆ ಮೂರು ಫೋಲ್ಡರು. ಅರಿಷಿಣ, ಮದುವೆ, ಊಟ. ಪ್ರತಿ ಮದುವೆಗೂ ಈ ಮೂರನ್ನು ತಾನಾಗಿಯೇ ಮಾಡಿಡುವ ಸ್ಕ್ರಿಪ್ಟನ್ನು ಬರೆದುಕೊಟ್ಟಿದ್ದೂ ಅವನೇ. ಮೊದಲೆರಡರ ಎದುರು ಪಟ್ಟಿಯಿತ್ತು. ಊಟದ ಎದುರು ಏನೂ ಇರಲಿಲ್ಲ. ನಾಲ್ಕು ಕೆಬಿ ಎಂದಿತ್ತು, ಖಾಲಿ ಎಂಬ ಗುರುತಿತ್ತು.

“ನಾಲ್ಕು ಕೆಬಿ ಅಂದ್ರ ಬರೇ ಫೋಲ್ಡರಿಂದು,” ಎಂದ ಅಜೀತ. “ಒಳಗ ಏನೂ ಇಲ್ಲ. ಫೈಲ್ ಕೆಟ್ರೂ ಜಾಗಾ ಹಿಡಿತಾವೋ ಕಿರಣ್ಯಾ. ಇದು ಖಾಲೀನೇ ಅದ. ನೀ ಏನರ ಅಳಿಸಿದಿ ಏನು?”

“ಅಳಿಸಿರಬೇಕು ತಗೋ. ನೆನಪಿಲ್ಲ,” ಎಂದ ಕಿರಣ. ದಾರಿ ಸಿಕ್ಕಿತು ಅನಿಸಿ ಒಂದು ಗಳಿಗೆ ಉಸಿರಾಡಿದ.

ಅಜೀತ ಫೋಲ್ಡರಿನ ತಾರೀಖು ತೆಗೆದು ನೋಡಿದ. ಫೋಲ್ಡರಿಗೆ ಏನಾದರೂ ಹಾಕಿದರೂ ತಾರೀಖು ಬದಲಾಗುತ್ತದೆ, ತೆಗೆದರೂ ಬದಲಾಗುತ್ತದೆ. ಇದರ ತಾರೀಖು ಸ್ಕ್ರಿಪ್ಟು ಅದನ್ನು ಹುಟ್ಟಿಸಿದ ಗಳಿಗೆಯಲ್ಲೇ ನಿಂತಿತ್ತು. ಆಮೇಲೆ ಆ ಬಾಗಿಲಲ್ಲಿ ಯಾರೂ ಒಳಗೂ ಹೋಗಿಲ್ಲ, ಹೊರಗೂ ಬಂದಿಲ್ಲ.

ಈಗ ಕೇಳುತ್ತಾನೆ ಎಂದುಕೊಂಡ ಕಿರಣ. ಆದರೆ ಅಜೀತ ತಿರುಗಿದಾಗ ಅವನ ಮುಖದಲ್ಲಿ ಸಂಶಯವಿರಲಿಲ್ಲ, ತಪ್ಪಿತಸ್ಥನ ಕಳೆಯಿತ್ತು.

“ತಪ್ಪು ನಂದೇ ಇರ್ಬೇಕೋ,” ಎಂದ. “ಕಾರ್ಡಿನಾಗಿಂದ ಕಾಪಿ ಮಾಡೋ ಸ್ಕ್ರಿಪ್ಟ್ ಬರ್ದಾವ ನಾನೇ ಅಲಾ. ಊಟದ ಕ್ಲಿಪ್ ಎಲ್ಲಾ ಅದೇ ಬಿಟ್ಟಿರ್ಬೇಕು. ನೀ ಕಾರ್ಡ್ ಅಳಿಸಿ ಮತ್ತ ಬಳಸೀದಿ. ಸುಮ್ಮ ನಿನಗ ಕಾಡಿದೆ ನಾ ಇಷ್ಟು ದಿನ. ಮಾಫ್ ಮಾಡಪಾ.”

ಮಾಫ್ ಮಾಡು ಎಂದ! ಕಿರಣನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಆಗಲೇ ಹೇಳಿಬಿಡಬೇಕಿತ್ತು. ಹೇಳುವ ಬದಲು ಅವನು, “ಇರ್ಲಿ ಬಿಡು, ಎಲ್ಲಾರಿಗೂ ಆಗ್ತದ,” ಎಂದು ದೊಡ್ಡ ಮನಸ್ಸು ಮಾಡಿದ. ನಾಲಿಗೆಗೆ ಎಲುಬಿಲ್ಲ.

“ಹಂಗಿದ್ರ ಬ್ಯಾರೇದವರ ಮದಿವ್ಯಾಗೂ ಹಿಂಗೇ ಬಿಟ್ಟಿರ್ಬೇಕಲಾ,” ಎಂದ ಅಜೀತ. “ಎಲ್ಲಾ ಊಟದ ಫೋಲ್ಡರೂ ಒಮ್ಮೆ ನೋಡಿಬಿಡ್ತೀನಿ. ಎಲ್ಲಿ ತಪ್ಪೇದ ಗೊತ್ತಾಗ್ತದ.”

“ಬ್ಯಾಡೋ, ಹೊತ್ತಾಗ್ತದ—”

ಒಂದು ಸಾಲು ಬರೆಯಲು ಎಷ್ಟು ಹೊತ್ತು? ಡಿಯು ಎಂಬ ಎರಡಕ್ಷರದ ಕಮಾಂಡಿಗೆ ‘ಪ್ರತಿ ಮದುವೆಯ ಊಟದ ಫೋಲ್ಡರು ಎಷ್ಟು ಜಾಗ ಹಿಡಿದಿದೆ, ಚಿಕ್ಕದು ಮೊದಲು’ ಎಂದು ಕೇಳಿದ. ಎಂಟರ್ ಒತ್ತಿದ. ಪರದೆ ತುಂಬ ಹೆಸರುಗಳು ಸರಿದು ಬಂದವು. ಅಜೀತ ಮೇಲಕ್ಕೆ ಹೋಗಿ ಮೊದಲಿಂದ ಗಟ್ಟಿಯಾಗಿ ಓದತೊಡಗಿದ.

“ಮನೀಷಾ, ನಾಲ್ಕು ಕೆಬಿ. ಧಮ್ಮಪಾಲ ಕಾಕಾನ ಮಗಳದು, ನಾಲ್ಕು ಕೆಬಿ. ನಮ್ಮ ದತ್ತಾತ್ರಿ ಮಾಮಾಂದು, ನಾಲ್ಕು ಕೆಬಿ. ಬುದ್ಧ ವಿಹಾರದ ಹಿಂದಿನ ಮನಿಯವ್ರು...”

ಅವನ ದನಿ ನಿಧಾನವಾಯಿತು. ಆಮೇಲೆ ನಿಂತೇಹೋಯಿತು. ಮುಂದಿನ ಹೆಸರುಗಳನ್ನು ಅವನು ಬರೀ ಕಣ್ಣಲ್ಲಿ ಓದಿದ. ಆ ನಾಲ್ಕು ಕೆಬಿಯವರೆಲ್ಲ ಮುಗಿದ ಮೇಲೆ ಒಮ್ಮೆಲೇ ಗಿಗಾಬೈಟುಗಳು ಶುರುವಾಗುತ್ತಿದ್ದವು. ಕಿರಾಣಿಯವರು, ಜಮೀನಿನವರು, ಭಜನಾ ಮಂಡಳಿಯವರು, ಎಲ್ಲರ ಮನೆಯ ಊಟವೂ ಪಂಗತಿ ಪಂಗತಿಯಾಗಿ ತುಂಬಿತ್ತು. ಯಾವ ಸ್ಕ್ರಿಪ್ಟಿಗೂ ಮನುಷ್ಯರ ಕೇರಿ ಗೊತ್ತಿರುವುದಿಲ್ಲ. ಪರದೆಯ ಮೇಲಿದ್ದದ್ದು ಪಂಕ್ತಿಭೇದ.

ಕಿರಣ ಅದನ್ನು ಆಗಲೇ ಮೊದಲ ಸಲ ನೋಡಿದ. ಎಲ್ಲೋ ಒಂದೆರಡು ಕಡೆ ಹಾಗೆ ಮಾಡಿರಬಹುದು, ಆವತ್ತು ನಿಜಕ್ಕೂ ತಲೆನೋವಿತ್ತು, ಇನ್ನೊಂದು ದಿನ ಮಳೆ ಬರುವಂತಿತ್ತು ಎಂದೆಲ್ಲ ಅವನು ನಂಬಿಕೊಂಡಿದ್ದ. ಆದರೆ ಆ ಕೇರಿಯ ಒಂದು ಮನೆಯನ್ನೂ ಬಿಟ್ಟಿರಲಿಲ್ಲ. ಬ್ಯಾನರು ಡಿಸೈನ್ ಮಾಡಿಕೊಟ್ಟ ಮನೆಗಳೂ ಅದರಲ್ಲಿದ್ದವು. ಅಂಗಡಿಯಲ್ಲಿ ಎಲ್ಲಿ ನೋಡಿದರೂ ಯಾವುದೋ ಒಂದು ಪಟ ಅವನನ್ನೇ ನೋಡುತ್ತಿತ್ತು.

“ಅಜ್ಯಾ,” ಎಂದ.

ಅಷ್ಟರಲ್ಲಿ ಅಜೀತನ ಫೋನು ಬಡಿದುಕೊಂಡಿತು. ಅವನ ತಾಯಿ ರತ್ನಮಾಲಾ. ಸ್ಪೀಕರಿನಲ್ಲಿರದಿದ್ದರೂ ಅವಳ ದನಿ ಕೇಳುತ್ತಿತ್ತು. “ಸಿಕ್ತೇನೋ ಆಯೀಂದು? ಮನೀಷಾ ನಾಕ್ ಸಲ ಫೋನ್ ಮಾಡ್ಯಾಳ.”

ಅಜೀತ ಪರದೆಯನ್ನೇ ನೋಡುತ್ತಿದ್ದ. “ಇಲ್ಲವ್ವಾ. ಸಿಗಂಗಿಲ್ಲ. ಡಿಸ್ಕ್ ಪೂರಾ ಕೆಟ್ಟದ,” ಎಂದ. “ನಾನೇ ಕೂತು ನೋಡೀನಿ. ಕಿರಣಂದೇನೂ ತಪ್ಪಿಲ್ಲ, ಮಿಷಿನ್ ಹಂಗಾಗ್ಯಾದ. ಮನೀಷಾಗ ನಾ ಹೇಳ್ತೀನಿ, ನೀ ಫಿಕರ್ ಮಾಡಬ್ಯಾಡ.”

ಫೋನಿಟ್ಟ. ಕಿರಣನ ಕಡೆ ತಿರುಗಲಿಲ್ಲ. ಪರದೆ ಒರೆಸಿ ಹಾಕಿ ಕೆಲಸಕ್ಕೆ ತೊಡಗಿದ. ಎಡಿಟಿಂಗ್ ಮಾಡುವಾಗ ಉಳಿದ ತುಣುಕುಗಳನ್ನು, ಎರಡೆರಡು ಸಲ ಕಾಪಿಯಾಗಿದ್ದ ಫೈಲುಗಳನ್ನು ಹುಡುಕಿ ಹುಡುಕಿ ಅಳಿಸಿದ. ಒಂದು ಕೆಟ್ಟ ಮಾತಿಲ್ಲ, ಒಂದು ಪ್ರಶ್ನೆಯಿಲ್ಲ. ಬೈದಿದ್ದರೆ ಕಿರಣನಿಗೆ ಎಷ್ಟೋ ಹಗುರವಾಗುತ್ತಿತ್ತು. ಏಳುವಾಗ ಅಜೀತ ಇಷ್ಟೇ ಹೇಳಿದ: “ಜಾಗಾ ಆಗ್ಯಾದ. ನಾಳಿಂದು ಊಟದ ತನಕ ಎಲ್ಲಾ ಹಿಡಸ್ತದ.” ಕಾಲೇಜಿನಲ್ಲಿ ಕೆಲಸವಿದೆ, ಸಂಜೆ ಮನೆಗೆ ಹೋಗುತ್ತೇನೆ ಎಂದು ಹೊರಟುಹೋದ.

ಅವನು ಹೋದ ಮೇಲೆ, ಮಗನ ಬಾಯಿಂದ ತಾಯಿಗೆ ಸುಳ್ಳು ಹೇಳಿಸಿದೆನಲ್ಲ ಎಂಬುದೊಂದೇ ಕಿರಣನನ್ನು ಕೊರೆಯುತ್ತಿತ್ತು. ಕೊನೆಗೆ ಅಂಗಡಿಯ ಶಟರು ಎಳೆದು ಗಾಡಿ ತೆಗೆದ. ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ಹಿಡಿದು ಹುಮನಾಬಾದಿನ ಅಜೀತನ ಮನೆಯ ತನಕ ಒಂದೇ ಮಾತನ್ನು ಕಟ್ಟಿ ಕಟ್ಟಿ ಒಡೆದ. ಅಜೀತ ಬರುವ ಮುಂಚೆ ರತ್ನಮಾಲಾಗೆ ನಿಜ ಹೇಳಬೇಕು. ಅವಳು ಉಗಿಯಲಿ, ಮನೆಗೆ ಬರಬೇಡ ಎನ್ನಲಿ, ಅನುಭವಿಸಬೇಕು.

ರತ್ನಮಾಲಾ ಬಾಗಿಲ ಬಳಿ ಮೊರದಲ್ಲಿ ಬೇಳೆ ಹಸನು ಮಾಡುತ್ತ ಕೂತಿದ್ದಳು. ಇವನನ್ನು ಕಂಡು ಎದ್ದು ಕುರ್ಚಿ ಹಾಕಿದಳು. ಪಕ್ಕದ ಅಂಗಡಿಗೆ ಹೋಗಿ ಒಂದು ನೀರಿನ ಬಾಟಲಿ ತಂದು, ಸೀಲು ಬಿಚ್ಚದೆ ಅವನ ಮುಂದಿಟ್ಟಳು. ಯಾವಾಗ ಬಂದರೂ ಹೀಗೇ ಮಾಡುತ್ತಿದ್ದಳು. ಅದು ತನಗೆ ಕೊಡುವ ಮರ್ಯಾದೆ ಎಂದು ಕಿರಣ ಇಷ್ಟು ವರ್ಷ ಖುಷಿಪಟ್ಟಿದ್ದ. ಇವತ್ತು ಬಾಟಲಿಯನ್ನು ನೋಡಿದಾಗ ಅರ್ಥವಾಯಿತು. ಚಹಾ ಕುಡಿಯುತ್ತೀಯಾ ಎಂದು ಅವಳು ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದರೆ ಅವನು ಏನಾದರೊಂದು ನೆಪ ಹೇಳಬೇಕಾಗುತ್ತಿತ್ತು. ಆ ಕಷ್ಟ ಅವನಿಗೆ ಬರದಂತೆ ಅವಳೇ ನೋಡಿಕೊಂಡು ಬಂದಿದ್ದಳು.

ಅವನು ಕುರ್ಚಿಯಿಂದ ಎದ್ದು ಕಟ್ಟೆಯ ಮೇಲೆ ಕೂತ. ಹೆದ್ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಬಿದ್ದುಹೋಗಿತ್ತು.

“ಮೌಶಿ, ವಿಡಿಯೋ ಕೆಟ್ಟಿಲ್ರಿ,” ಎಂದ. “ನಾ ತೆಗದೇ ಇಲ್ಲ. ಊಟಕ್ಕ ಕೂಡಬೇಕಾಗ್ತದ ಅಂತ ಬ್ಯಾಟರಿ ಮುಗೀತು ಅಂದು ಓಡಿಹೋಗಿದ್ದೆ. ಸುಳ್ಳ ಹೇಳ್ದೆ. ನನಗ ಭಾಳ ಶರಮ್ ಆಗ್ಯಾದ್ರಿ.”

ರತ್ನಮಾಲಾ ಬೇಳೆಯಲ್ಲಿ ಒಂದು ಹರಳು ಆರಿಸಿ ಪಕ್ಕಕ್ಕೆ ಹಾಕಿದಳು.

“ಗೊತ್ತದ,” ಎಂದಳು.

ಕಿರಣ ತಲೆಯೆತ್ತಿ ಅವಳ ಕಡೆ ನೋಡಿದ.

“ಆವತ್ತು ಆಯಿ ನಿನಗಂತ ತಾಟು ಹಚ್ಕೊಂಡು ಗೇಟಿನ ತನಕ ಬಂದಿದ್ಳು. ಹುಡುಗ ಮುಂಜಾನಿಂದ ನಿಂತೇ ಅದ, ಹಸ್ದಿರ್ತದ ಅಂತ. ನೀ ಗಾಡಿ ಚಾಲೂ ಮಾಡಾಕತ್ತಿದ್ದಿ. ಆಕಿ ಕೂಗ್ತೀನಿ ಅಂದ್ಳು, ನಾನೇ ಬ್ಯಾಡ ಅಂದೆ. ಕೂಗಿದ್ರ ನಿನಗೂ ತ್ರಾಸ, ಆಕೀಗೂ ತ್ರಾಸ.”

“ಮತ್ತ ವಿಡಿಯೋ ಸಿಕ್ತೇನು ಅಂತ ಯಾಕ ಕೇಳಿದ್ರಿ?”

“ಅಜೀತ ಹುಡುಕಾಕತ್ತಿದ್ದ. ವಿಡಿಯೋನೇ ಇಲ್ಲ ಅಂತ ನಾ ಅವನಿಗಿ ಹ್ಯಾಂಗ ಅನ್ಲಿ? ಯಾಕಿಲ್ಲ ಅಂತಾನ.” ಅವಳು ಮೊರ ಕೆಳಗಿಟ್ಟಳು. ಮೊದಲ ಸಲ ಅವನ ಮುಖ ನೋಡಿದಳು, ಸಿಟ್ಟಿನಿಂದಲ್ಲ, ಬೇಡುವವರ ಹಾಗೆ. “ಕಿರಣ, ನನಗ ಹೇಳೀದಿ, ಮುಗೀತು. ಅವನಿಗಿ ಹೇಳಬ್ಯಾಡ. ಊರಾಗ ನೀ ಒಬ್ನ ಮ್ಯಾಲ ಭರೋಸಾ ಇಟ್ಟಾನ. ಎಲ್ಲಾರೂ ಹಂಗಿರಂಗಿಲ್ಲವ್ವ ಅಂತ ನನಗೇ ನಿನ್ನ ಹೆಸ್ರು ಹೇಳ್ತಾನ. ಅದೊಂದು ಇರ್ಲಿ ಅವನಿಗಿ.”

ಅಜೀತನಿಗೆ ಆಗಲೇ ಗೊತ್ತಾಗಿದೆ ಎಂದು ಹೇಳಲು ಕಿರಣ ಬಾಯಿ ತೆರೆದ. ಹೊರಗೆ ಅಜೀತನ ಗಾಡಿ ನಿಂತ ಸದ್ದಾಯಿತು. ಹೆಲ್ಮೆಟ್ ಕೈಯಲ್ಲಿ ಹಿಡಿದು ಒಳಬಂದವನು ಕಟ್ಟೆಯ ಮೇಲೆ ಕೂತ ಕಿರಣನನ್ನೂ ತಾಯಿಯ ಮುಖವನ್ನೂ ಒಂದೇ ನೋಟದಲ್ಲಿ ನೋಡಿದ. ಅಲ್ಲೇ ನಿಂತುಬಿಟ್ಟ.

ಮೊದಲು ಮಾತಾಡಿದವಳು ತಾಯಿ. “ವಿಡಿಯೋ ಕೆಟ್ಟದಂತ ಹೇಳಾಕ ಅಲ್ಲಿಂದ ಇಲ್ಲೀತನಾ ಬಂದಾನ ನೋಡು, ಪಾಪ. ಮಿಷಿನ್ ಕೆಟ್ರ ಇವನೇನ್ ಮಾಡ್ತಾನ? ನೀ ಮತ್ತ ಇವನಿಗಿ ಏನೂ ಅನ್ನಬ್ಯಾಡ.”

“ನಾ ಯಾಕನ್ಲಿ ಅವ್ವಾ? ನಾನೇ ನೋಡೀನಲಾ ಕೆಟ್ಟದ್ದು,” ಎಂದ ಅಜೀತ, ಅವಸರದಲ್ಲಿ.

ತಾಯಿಗೆ ನೋವಾಗದಿರಲೆಂದು ಮಗ, ಮಗನಿಗೆ ನೋವಾಗದಿರಲೆಂದು ತಾಯಿ. ಇಬ್ಬರೂ ಅಡ್ಡ ನಿಂತು ಮುಚ್ಚುತ್ತಿದ್ದದ್ದು ಕಿರಣನ ಹೇಸಿಗೆಯನ್ನು. ಅವನಿಗೆ ತಡೆಯಲಾಗಲಿಲ್ಲ. “ಇಲ್ಲ, ನಾ ಖರೇನೇ ಹೇಳ್ತೀನಿ, ಇಬ್ಬರೂ ಕೇಳ್ರಿ...” ಎಂದು ಎದ್ದು ನಿಂತ.

ಇಬ್ಬರೂ ಏಕಕಾಲಕ್ಕೆ ಅವನ ಕಡೆ ತಿರುಗಿದರು. ತಾಯಿಯ ಕಣ್ಣಲ್ಲೂ ಮಗನ ಕಣ್ಣಲ್ಲೂ ಒಂದೇ ಅಂಗಲಾಚುವಿಕೆ ಇತ್ತು. ನಿಜ ಹೇಳಿ ತಾನೊಬ್ಬ ಹಗುರಾಗುವ ಹಕ್ಕೂ ತನಗೆ ಉಳಿದಿಲ್ಲ ಎಂದು ಕಿರಣನಿಗೆ ತಿಳಿಯಿತು.

“ಹೌದ್ರಿ ಮೌಶಿ,” ಎಂದ. “ಮಿಷಿನೇ ಕೆಟ್ಟಿತ್ತು.”

ಇಬ್ಬರೂ ಸಮಾಧಾನದಿಂದ ತಲೆಯಾಡಿಸಿದರು.